ರೈಟರು ತಪ್ಪಾಗಿ ಹಾಕಿದ ಗುರುತು

ರೈಟರು ನನಗೆ ಮಾಡಿದ ನೂರಾರು ಫೋನ್ ಕರೆಗಳಲ್ಲಿ ಚೆನ್ನಾಗಿದೆ ಅಂತ ಹೇಳಲು ಮಾಡಿದ್ದು ಒಂದೂ ಇಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ನಾನು ಸ್ನಾನ ಮುಗಿಸಿ ತಲೆ ಒಣಗಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಫೋನ್ ಹೊಡೆದುಕೊಳ್ಳುತ್ತಿತ್ತು. ಹಲೋ ಇಲ್ಲ, ನಮಸ್ಕಾರ ಇಲ್ಲ. "ನಿಮ್ಮೋರು ಬಂದಿದಾರೆ. ಹದಿನಾಲ್ಕು ಜನ. ಒಬ್ಬ ನನ್ನ ಮೆಣಸಿನ ಬಳ್ಳಿ ತಬ್ಕೊಂಡು ಫೋಟೋ ತೆಗೆಸ್ಕೊಳ್ತಾ ಇದಾನೆ." ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಡುತ್ತಿದ್ದರು. ಹನ್ನೊಂದಕ್ಕೆ ಮತ್ತೆ ಫೋನ್. "ಇಪ್ಪತ್ತೆರಡಾಯ್ತು. ಒಬ್ಳಿಗೆ ಉಂಬಳ ಹತ್ತಿದೆ. ಜಿಗಣೆ ಅಂದ್ರೆ ಏನು ಅಂತ ನಿಮ್ಮ ಆಪಲ್ಲಿ ಹಾಕಿಲ್ವಂತೆ." ಎಸ್ಟೇಟಿನಲ್ಲಿ ಮೂವತ್ತಾರು ವರ್ಷ ಆಳುಗಳ ಹಾಜರಿ ಕೂಗಿದ ಗಂಟಲು ಅದು. ನಿವೃತ್ತಿಯಾದ ಮೇಲೆ ಪ್ರವಾಸಿಗಳ ಹಾಜರಿ ಶುರು ಮಾಡಿತ್ತು.

ಅವರು ಹೋಗಿ ತಿಂಗಳಾಯಿತು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಈಗ ನನ್ನ ಭಾನುವಾರಗಳು ಸುಮ್ಮನಿವೆ, ತಲೆ ನಿಧಾನಕ್ಕೆ ಒಣಗುತ್ತದೆ. ನೆಮ್ಮದಿ ಅನ್ನಿಸಬೇಕಿತ್ತು. ಅನ್ನಿಸುತ್ತಿಲ್ಲ ಅನ್ನುವುದಕ್ಕೂ ನನಗೆ ಅವರ ಮೇಲೆಯೇ ಸಿಟ್ಟು.

ಹೆಸರು ಹೇಳುವುದಿಲ್ಲ. ಮಲ್ಲಂದೂರಿನ ಕಡೆ ಅವರನ್ನು ಹೆಸರಿಟ್ಟು ಕರೆದವರನ್ನು ನಾನಂತೂ ನೋಡಲಿಲ್ಲ. ಎಸ್ಟೇಟಿನಲ್ಲಿ ಹಾಜರಿ, ಕೆಲಸದ ವಿವರ, ಗೊಬ್ಬರ, ಮಳೆ ಎಲ್ಲವನ್ನೂ ಬರೆದಿಡುವವರು ರೈಟರು. ಕೆಲಸ ಬಿಟ್ಟ ಮೇಲೂ ಆ ಹೆಸರು ಬಿಡುವುದಿಲ್ಲ. ಬಸ್ಸಿನ ಕಂಡಕ್ಟರಿಗೆ ಅವರು ರೈಟರು, ಮೇಸ್ತ್ರಿಗೆ ರೈಟರು, ಸ್ವಂತ ಹೆಂಡತಿಗೂ "ನಮ್ಮ ರೈಟರು". ಹಣೆಯ ಮೇಲೆ ಮೂರು ಗೆರೆ ವಿಭೂತಿ, ಜೇಬಿನಲ್ಲಿ ಕೆಂಪು ಪೆನ್ನು, ಕಂಕುಳಲ್ಲಿ ಬಿಸಿಲಿಗೂ ಮಳೆಗೂ ಒಂದೇ ಕೊಡೆ. ಆ ಕೆಂಪು ಪೆನ್ನು ನನ್ನ ಬದುಕಿನ ಒಂದೂವರೆ ವರ್ಷವನ್ನು ತಿಂದಿದೆ.

ನಾನು ಕಡೂರಿನವಳು. ಮಲ್ಲಂದೂರಿನ ಜಿಲ್ಲೆಯೇ, ಆದರೆ ಅದು ಮಲೆನಾಡು, ನಮ್ಮದು ಬಯಲುಸೀಮೆ. ಚಿಕ್ಕಮಗಳೂರಿನಲ್ಲಿ ಒಂದು ಬೇಕರಿಯ ಮೇಲಿನ ಎರಡು ಕೋಣೆಯಲ್ಲಿ ನಾವು ಮೂವರು ಸೇರಿ ಮೊಬೈಲ್ ಆಪ್ ಮಾಡುತ್ತೇವೆ. ನನ್ನದು ಡಿಸೈನ್. ಹೋಂಸ್ಟೇ ನಡೆಸುವ ಕೆಲವು ಎಸ್ಟೇಟ್ ಮಾಲೀಕರು ಒಟ್ಟಾಗಿ ಪ್ರವಾಸಿಗಳಿಗೊಂದು ಆಪ್ ಬೇಕೆಂದು ಬಂದರು. ಆಗ್ಮೆಂಟೆಡ್ ರಿಯಾಲಿಟಿ ಇರಬೇಕು ಎಂದರು. ಅಂದರೆ, ಫೋನಿನ ಕ್ಯಾಮೆರಾವನ್ನು ಗುಡ್ಡದತ್ತ ಹಿಡಿದರೆ ಗುಡ್ಡದ ನೆತ್ತಿಯಲ್ಲಿ ಅದರ ಹೆಸರು ತೇಲಬೇಕು. ರಸ್ತೆಯತ್ತ ಹಿಡಿದರೆ ನೆಲದ ಮೇಲೆ ನೀಲಿ ಬಾಣ ಕಾಣಬೇಕು, ಅದರ ಹಿಂದೆಯೇ ನಡೆದರೆ ಹೋಗಬೇಕಾದ ಜಾಗ ಬರಬೇಕು. ಅರವತ್ತು ಜಾಗಗಳ ಪಟ್ಟಿಯನ್ನೂ ಅವರೇ ಕೊಟ್ಟರು. ಯಾರೂ ಕಾಣದ ಜಾಗಗಳು, ಗುಟ್ಟಿನ ಜಾಗಗಳು ಎಂದರು. ಜಾಗ ತೋರಿಸಲು ಒಬ್ಬರು ಬೇಕಲ್ಲ ಎಂದಾಗ ಅವರಲ್ಲೊಬ್ಬ ಸಾಹುಕಾರರು, "ನಮ್ಮ ಹಳೇ ರೈಟರನ್ನ ಕಳಿಸ್ತೀನಿ, ಅವರಿಗೆ ಗೊತ್ತಿಲ್ಲದ ಕಲ್ಲಿಲ್ಲ" ಎಂದರು. ಆ ಮಾತು ಸುಳ್ಳಲ್ಲ. ಒಂದೊಂದು ಕಲ್ಲಿನ ಬಗ್ಗೆಯೂ ಅವರಿಗೆ ಒಂದೊಂದು ತಕರಾರಿತ್ತು.

ಮೊದಲ ದಿನವೇ ಕೇಳಿದೆ. "ಸಾರ್, ಆ ಗುಡ್ಡದ ಹೆಸರೇನು?"

"ಯಾವ ಕಡೆಯಿಂದ?"

"ಯಾವ ಕಡೆಯಿಂದ ಅಂದ್ರೆ?"

"ಇಲ್ಲಿಂದ ನೋಡಿದ್ರೆ ಕುದುರೆಬೆನ್ನು. ಆಚೆ ಕಡೆ ಇಳಿದ್ರೆ ಅದೇ ಹೆಗ್ಗಲ್ಲು. ದನ ಕಾಯೋರನ್ನ ಕೇಳಿದ್ರೆ ಅದಕ್ಕೆ ಹೆಸ್ರೇ ಇಲ್ಲ, ಮೇಲೆ ಅಂತಾರೆ, ಅಷ್ಟೆ."

"ಸರ್ಕಾರಿ ನಕ್ಷೆಯಲ್ಲಿ ಏನಿದೆ ಸಾರ್?"

"ನಕ್ಷೆ ಬರೆದೋನು ಯಾವ ಕಡೆ ನಿಂತಿದ್ನೋ ಅದಿದೆ."

ನಾನು ಒಂದು ಗುಡ್ಡಕ್ಕೆ ಒಂದೇ ಹೆಸರು ಇರಬೇಕೆಂದು ವಾದಿಸಿದೆ. ಪರದೆಯಲ್ಲಿ ಜಾಗ ಸಾಲದು, ಕೆಲಸ ಇಮ್ಮಡಿಯಾಗುತ್ತದೆ ಎಂದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಆಯ್ತು ಮೇಡಂ, ನೋಡಣ" ಎಂದರು. ಅವರು ನೋಡಣ ಎಂದ ಮೇಲೆ ಆ ಕೆಲಸ ನಾವು ಅಂದುಕೊಂಡ ಹಾಗೆ ಆದದ್ದೇ ಇಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಮುಂದಿನ ವಾರ ಪ್ರತಿ ಗುಡ್ಡಕ್ಕೂ ಮೂರು ಮೂರು ಹೆಸರು ಬರೆದ ಹಾಳೆ ತಂದರು, ಯಾವ ಹೆಸರು ಎಲ್ಲಿಂದ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಊರೂರಿನ ಗಡಿಯ ಸಮೇತ. ನಮ್ಮ ಪ್ರೋಗ್ರಾಮರ್ ತಲೆ ಚಚ್ಚಿಕೊಂಡ. ನೋಡುವವರು ನಿಂತ ಜಾಗಕ್ಕೆ ತಕ್ಕ ಹಾಗೆ ಹೆಸರು ಬದಲಾಗುವಂತೆ ಮಾಡಲು ಮೂರು ವಾರ ಹೋಯಿತು. ಆಮೇಲೆ ಎಲ್ಲರೂ ಮೆಚ್ಚಿದ್ದು ಅದನ್ನೇ, ಆ ಹೊಗಳಿಕೆಯನ್ನು ನಾನು ನಾಚಿಕೆಯಿಲ್ಲದೆ ತೆಗೆದುಕೊಂಡೆ.

ಹೂವಿನ ಕಥೆ ಇನ್ನೊಂದು. ಕಾಫಿ ಹೂವು ನೋಡಬೇಕೆಂದು ಜನ ವರ್ಷವಿಡೀ ಬರುತ್ತಾರೆ. ಹೂವಾಗುವುದು ಬೇಸಿಗೆಯ ಮೊದಲ ಮಳೆ ಬಿದ್ದು ವಾರ ಕಳೆದ ಮೇಲೆ, ಅದೂ ನಾಲ್ಕಾರು ದಿನ. ಹಾಗಾಗಿ ಯಾವ ತಿಂಗಳಲ್ಲಿ ಫೋನ್ ಹಿಡಿದರೂ ಗಿಡದ ತುಂಬ ಬಿಳಿ ಹೂವು ಅರಳುವಂತೆ ಮಾಡಿದೆ. ನನಗದು ಬಹಳ ಇಷ್ಟವಾಗಿತ್ತು. ಆಗಸ್ಟಿನಲ್ಲಿ, ಕೊಡೆಯಡಿ ನಿಂತು, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನನ್ನು ಅವರ ಕೈಗೆ ಕೊಟ್ಟೆ. ನೋಡಿದರು. ಫೋನನ್ನು ಪಕ್ಕಕ್ಕೆ ಸರಿಸಿ ಗಿಡ ನೋಡಿದರು. ಮತ್ತೆ ಫೋನ್ ನೋಡಿದರು.

"ಗಿಡದ ತುಂಬ ಕಾಯಿದೆ ಮೇಡಂ."

"ಹೌದು ಸಾರ್."

"ಕಾಯಿ ಮೇಲೆ ಹೂವು ಬಿಟ್ಟಿದೆ."

"ಅದು ತೋರಿಸೋಕೆ ಸಾರ್, ಸುಮ್ನೆ."

"ಸಾಹುಕಾರ್ರು ನೋಡಿದ್ರೆ ಗಿಡಕ್ಕೆ ರೋಗ ಬಂದಿದೆ ಅಂತ ಔಷಧಿ ಹೊಡೆಸ್ತಾರೆ."

ಕೊನೆಗೆ, ಇದು ಬೇಸಿಗೆಯ ನೋಟ, ಈಗ ಗಿಡದಲ್ಲಿರುವುದು ಕಾಯಿ ಎಂದು ಕೆಳಗೊಂದು ಸಾಲು ಹಾಕುವವರೆಗೂ ಅವರು ಮುಂದಿನ ತೋಟಕ್ಕೆ ಹೆಜ್ಜೆ ಇಡಲಿಲ್ಲ.

ಜಾಗಗಳ ವಿವರಣೆ ಬರೆದವಳೂ ನಾನೇ. ಮಂಜಿನ ಮಡಿಲು, ಹಸಿರಿನ ಮಾಯಾಲೋಕ, ಮೋಡಗಳ ಪಿಸುಮಾತು ಎಂದೆಲ್ಲ ಎರಡು ರಾತ್ರಿ ನಿದ್ದೆಗೆಟ್ಟು ಬರೆದಿದ್ದೆ. ರೈಟರು ಕೆಂಪು ಪೆನ್ನಿನಲ್ಲಿ ಅಷ್ಟನ್ನೂ ಹೊಡೆದುಹಾಕಿ ಅಂಚಿನಲ್ಲಿ ಬರೆದರು: ಜಾರುತ್ತದೆ. ಉಂಬಳ ಇದೆ. ನಾಲ್ಕು ಗಂಟೆಯ ನಂತರ ಬಸ್ಸಿಲ್ಲ. ಇನ್ನೊಂದು ಜಾಗಕ್ಕೆ, ನೋಡಲು ವಿಶೇಷವಿಲ್ಲ, ಗಾಳಿ ಚೆನ್ನಾಗಿದೆ. ನಾನು ಅಳು ನುಂಗಿಕೊಂಡು, ಸಾರ್ ಇದನ್ನ ಓದಿದ್ರೆ ಯಾರು ಬರ್ತಾರೆ ಎಂದೆ. "ಬರೋ ಮನಸ್ಸಿರೋರು ಬರ್ತಾರೆ" ಎಂದು ಪೆನ್ನಿನ ಮುಚ್ಚಳ ಹಾಕಿದರು.

ಇಷ್ಟೆಲ್ಲ ಸಹಿಸಿಕೊಂಡದ್ದು ಒಂದೇ ಕಾರಣಕ್ಕೆ. ಅವರ ಅಳತೆ. ನಮ್ಮ ಕೆಲಸದಲ್ಲಿ ಜಾಗದ ಗುರುತು ಒಂದಿಷ್ಟು ತಪ್ಪಿದರೂ ಬಾಣ ಯಾರದೋ ಬಚ್ಚಲಮನೆಗೆ ಕರೆದೊಯ್ಯುತ್ತದೆ. ಸಿಲ್ವರ್ ಓಕ್ ಮರಗಳ ಕೆಳಗೆ ಫೋನಿಗೆ ತಾನು ಎಲ್ಲಿದ್ದೇನೆಂದು ಸರಿಯಾಗಿ ಗೊತ್ತಾಗುವುದಿಲ್ಲ, ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಹೊಯ್ದಾಡುತ್ತದೆ. ಇದು ತಿಳಿದ ದಿನ ರೈಟರ ಮುಖದಲ್ಲಿ ಮೊದಲ ಸಲ ನಗು ಕಂಡೆ. "ನಿಮ್ಮ ಉಪಗ್ರಹಕ್ಕೆ ಮರ ಕಂಡ್ರೆ ದಿಗಿಲಾ?" ಎಂದರು. ಅವರು ಗುರುತು ಮಾಡಲು ಬಟನ್ ಒತ್ತುತ್ತಲೇ ಇರಲಿಲ್ಲ. ಬಯಲಾದ ಜಾಗದಿಂದ ಹೆಜ್ಜೆ ಎಣಿಸುತ್ತಾ ಹೋಗುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು, ಆ ಹೊತ್ತಿನಲ್ಲಿ ಮಾತಾಡಿಸಿದರೆ ಹಿಂದಕ್ಕೆ ಹೋಗಿ ಮೊದಲಿನಿಂದ ಎಣಿಸುತ್ತಿದ್ದರು. ಗಿಡ ನೆಡುವ ಗುಂಡಿಗಳನ್ನು ಹಾಗೇ ಅಳೆದು ಅಳೆದು ಅವರ ಹೆಜ್ಜೆ ಒಂದೇ ಸಮ ಆಗಿಬಿಟ್ಟಿತ್ತು. ಆಮೇಲೆ ನಾನು ಹೋಗಿ ತಾಳೆ ನೋಡಿದರೆ ಎರಡು ಹೆಜ್ಜೆಗಿಂತ ಹೆಚ್ಚು ವ್ಯತ್ಯಾಸ ಎಲ್ಲೂ ಸಿಗಲಿಲ್ಲ.

ಒಂದು ಕಡೆ ಬಿಟ್ಟು.

ಪಟ್ಟಿಯಲ್ಲಿ ಒಂದು ಒರತೆ ಇತ್ತು. ಸಾಹುಕಾರರು ಅದಕ್ಕೆ ಕ್ರಿಸ್ಟಲ್ ಸ್ಪ್ರಿಂಗ್ ಎಂದು ಹೆಸರಿಟ್ಟಿದ್ದರು, ಅಲ್ಲಿಯವರಿಗೆ ಅದು ಬರೀ ಒರತೆ. ರೈಟರು ಕೊಟ್ಟ ಗುರುತು ಹಿಡಿದು ಹೋದೆ. ಲಂಟಾನದ ಪೊದೆ, ಒಂದು ಬೋಳು ಬಂಡೆ, ಅದರ ನೆರಳಲ್ಲಿ ಮೆಲುಕು ಹಾಕುತ್ತಿದ್ದ ಒಂದು ಎಮ್ಮೆ. ನೀರಿನ ಹನಿಯಿಲ್ಲ. ಆಗ ನನಗಾದ ಖುಷಿಯನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಕೊನೆಗೂ ಒಂದು ತಪ್ಪು ಸಿಕ್ಕಿತಲ್ಲ! ಅಷ್ಟರಲ್ಲಿ ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು ಹೆಂಗಸೊಬ್ಬಳು ಹೋದಳು. ಅವಳ ಹಿಂದೆ ನಡೆದೆ. ಮುನ್ನೂರು ಹೆಜ್ಜೆ ಕೆಳಗೆ, ಜರೀಗಿಡಗಳ ನಡುವೆ, ಕಲ್ಲಿನ ಬೋಗುಣಿಯಂಥ ಗುಳಿಯಲ್ಲಿ ನೀರು ತುಂಬಿ ತುಳುಕುತ್ತಿತ್ತು. ತಳದ ಮರಳಿನ ಕಣ ಕಾಣುವಷ್ಟು ತಿಳಿ. ಪಕ್ಕದಲ್ಲಿ ಸಾಲಾಗಿ ಒಂಬತ್ತು ಕೊಡ. ಎದುರಿಗೆ ಎಸ್ಟೇಟಿನ ಲೈನು, ಕೆಲಸದವರ ಹನ್ನೊಂದು ಮನೆ.

ಒಂಬತ್ತು ಕೊಡಗಳನ್ನು ಕಣ್ಣಾರೆ ಕಂಡೆ. ಎಣಿಸಿದೆ. ಫೋಟೋ ತೆಗೆದೆ, ಚೆನ್ನಾಗಿ ಬಂದಿದೆ ಅಂದುಕೊಂಡೆ. ಕುಡಿಯುವ ನೀರು ಎಂಬುದು ತಲೆಗೆ ಹೋಯಿತೇ ಹೊರತು ಅದರಿಂದ ಮುಂದಕ್ಕೆ ಏನೂ ಹೊಳೆಯಲಿಲ್ಲ. ಗುರುತನ್ನು ಬಂಡೆಯಿಂದ ಒರತೆಗೆ ಸರಿಸಿದೆ. ರೈಟರಿಗೆ ಹೇಳಲಿಲ್ಲ. ವಯಸ್ಸಾದವರು, ಹೆಜ್ಜೆ ತಪ್ಪಿದೆ, ಮನಸ್ಸು ನೋಯಿಸುವುದೇಕೆ ಎಂದುಕೊಂಡೆ. ನನ್ನ ಈ ದೊಡ್ಡ ಮನಸ್ಸಿನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ದಸರಾ ರಜೆಗೆ ಸರಿಯಾಗಿ ಆಪ್ ಬಂತು. ಜನ ಮುಗಿಬಿದ್ದರು. ಕಳಸ, ಹೊರನಾಡು ಮುಗಿಸಿಕೊಂಡು ಮರಳುವವರೂ ದಾರಿ ಸುತ್ತುಹಾಕಿ ಬಂದು ನಮ್ಮ ನೀಲಿ ಬಾಣದ ಹಿಂದೆ ನಡೆದರು. ಬೇಕರಿಯಿಂದ ಕೇಕ್ ತರಿಸಿ ಆಫೀಸಿನಲ್ಲಿ ಹಂಚಿಕೊಂಡು ತಿಂದೆವು.

ನವೆಂಬರಿನಲ್ಲಿ ಒಂದು ದಿನ ರೈಟರು ಬಸ್ಸಿನಲ್ಲಿ ಆಫೀಸಿಗೆ ಬಂದರು. ಅದುವರೆಗೆ ಒಮ್ಮೆಯೂ ಬಂದವರಲ್ಲ. ಕೊಡೆಯನ್ನು ಮೂಲೆಗಿಟ್ಟು ಕೂತರು. ಕಾಫಿ ಕೊಟ್ಟೆವು, ಕುಡಿದು, "ಚಿಕೋರಿ ಜಾಸ್ತಿ" ಎಂದರು. ಈ ಸಲ ಮಳೆ ಹಿಂದೆ ಸರಿದದ್ದು, ಹಣ್ಣು ಒಮ್ಮೆಲೇ ಕೆಂಪಾಗಿ ಕುಯ್ಲಿಗೆ ಆಳು ಸಿಗದಿರುವುದು, ಆಲ್ದೂರಿನ ಸಂತೆಯಲ್ಲಿ ಶುಂಠಿ ಹೇಗಿತ್ತು ಎನ್ನುವುದು, ಹೀಗೆ ಅರ್ಧ ಗಂಟೆ. ನನಗೆ ಕೈತುಂಬ ಕೆಲಸ. ಮನಸ್ಸಿನಲ್ಲೇ, ಯಾಕೆ ಬಂದಿರಿ ಮಹಾರಾಯರೇ, ಬೇಗ ಹೇಳಿ ಎನ್ನುತ್ತಿದ್ದೆ. ಹೊರಡಲು ಎದ್ದು, ಬಾಗಿಲ ಹತ್ತಿರ ನಿಂತು, ಕೊಡೆಯ ಹಿಡಿಯನ್ನು ನೋಡುತ್ತಾ ಕೇಳಿದರು.

"ಆ ಒರತೆ ಗುರುತು. ನಾನು ತಪ್ಪು ಹಾಕಿದ್ದೆ ಅಲ್ವಾ? ನೀವು ಸರಿ ಮಾಡಿದ್ರಂತೆ."

"ಹೌದು ಸಾರ್, ಒಂಚೂರು ಮೇಲೆ ಬಿದ್ದಿತ್ತು. ಪರವಾಗಿಲ್ಲ."

"ಆ ತಪ್ಪು ನಂಗೆ ವಾಪಸ್ ಕೊಡಿ ಮಾರಾಯ್ತಿ."

ಅದುವರೆಗೆ ನಾನು ಅವರಿಗೆ ಮೇಡಂ ಆಗಿದ್ದೆ. ಅರ್ಥವಾಗಲು ಒಂದು ನಿಮಿಷ ಬೇಕಾಯಿತು, ಅರ್ಥವಾದ ಮೇಲೆ ಕೂರಲೂ ಆಗಲಿಲ್ಲ. ಅದೇ ಬಸ್ಸಿನಲ್ಲಿ ಅವರ ಜೊತೆ ಹೊರಟೆ.

ನೋಡಿದರೆ ಅದು ಅದೇ ಒರತೆ ಎಂದು ಹೇಳುವ ಹಾಗಿರಲಿಲ್ಲ. ಜರೀಗಿಡಗಳನ್ನು ತುಳಿದು ತುಳಿದು ನೆಲ ಕೆಸರಾಗಿತ್ತು. ಕಲ್ಲಿನ ಗುಳಿಯಲ್ಲಿ ಶಾಂಪೂ ಪೊಟ್ಟಣ, ಚಿಪ್ಸ್ ಕವರು, ಯಾರದೋ ಒಂದು ಸಾಕ್ಸು. ಲೈನಿನವರು ದಾರಿಗೆ ಮುಳ್ಳು ಕಡಿದು ಹಾಕಿದ್ದರು. ಬಾಣ ಮುಂದಕ್ಕೆ ತೋರಿಸುತ್ತಿದೆಯಲ್ಲ, ಬಂದವರು ಮುಳ್ಳನ್ನು ಎತ್ತಿ ಬದಿಗೆಸೆದು ನಡೆದಿದ್ದರು. ಹೆಂಗಸರು ಈಗ ಕೊಡ ಹೊತ್ತು ಪಂಪ್‌ಹೌಸಿನವರೆಗೆ ಏರಬೇಕು, ದಿನವಿಡೀ ಹಣ್ಣು ಕುಯ್ದ ಮೇಲೆ. ಹಿಂದಿನ ವಾರ ನಾಲ್ಕು ಮಕ್ಕಳಿಗೆ ವಾಂತಿ ಭೇದಿಯಾಗಿ ಆಲ್ದೂರಿನ ಆಸ್ಪತ್ರೆಗೆ ಕರೆದೊಯ್ದಿದ್ದರಂತೆ. ನಾನು ಹಿಂದೆ ಹೋಗಿದ್ದೆನಲ್ಲ, ಆ ಹೆಂಗಸೇ ಇದನ್ನು ಹೇಳಿದ್ದು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಾಪಸ್ ಬರುವಾಗ ರೈಟರ ಮೇಲೆ ಸಿಟ್ಟು ಉಕ್ಕಿಬಂತು. "ಮೊದಲೇ ನೇರವಾಗಿ ಹೇಳಬಹುದಿತ್ತಲ್ಲ ಸಾರ್? ಅದು ಕುಡಿಯೋ ನೀರು, ಹಾಕ್ಬೇಡಿ ಅಂತ?"

"ಹೇಳಿದ್ರೆ ನೀವೆಂತ ಮಾಡ್ತಿದ್ರಿ?"

"ಸಾಹುಕಾರ್ರನ್ನ ಕೇಳ್ತಿದ್ದೆ."

"ಕೇಳಿದ್ರೆ ಅವ್ರು ಬೇಡ ಅಂತಿರ್ಲಿಲ್ಲ. ಹೌದು ಅಂದ ಮೇಲೆ ನಾನು ಬಾಯಿ ಬಿಡೋ ಹಾಗಿರ್ಲಿಲ್ಲ. ಅದಕ್ಕೇ ಕೇಳೋ ಕೆಲ್ಸನೇ ಇಲ್ಲದ ಹಾಗೆ ಮಾಡಿದ್ದೆ."

ಮೂವತ್ತಾರು ವರ್ಷ ಸಾಹುಕಾರರ ಎದುರು ಇಲ್ಲ ಎನ್ನದೆ ದುಡಿದವರು. ಇಲ್ಲ ಎನ್ನದೆಯೇ ಬೇಡದ ಕೆಲಸವನ್ನು ತಪ್ಪಿಸುವ ದಾರಿಯೂ ಅವರಿಗೆ ಗೊತ್ತಿತ್ತು. ಎರಡು ಹೆಜ್ಜೆಗಿಂತ ಹೆಚ್ಚು ತಪ್ಪದ ಮನುಷ್ಯ ಮುನ್ನೂರು ಹೆಜ್ಜೆ ತಪ್ಪಿದರೆ ಯಾಕೆ ಎಂದು ನಾನಾದರೂ ಕೇಳಬೇಕಿತ್ತು. ಅಷ್ಟು ತಿಂಗಳು ಜೊತೆಯಲ್ಲಿ ತಿರುಗಿ ನಾನು ಅವರನ್ನು ತಿಳಿದುಕೊಂಡದ್ದು ಇಷ್ಟೇ ಎಂದು ನಾಚಿಕೆಯಾಯಿತು. ಆದರೂ ಹೇಳುತ್ತೇನೆ, ಬಾಯಿಬಿಟ್ಟು ಒಂದು ಮಾತು ಹೇಳುವುದಕ್ಕೆ ಬದಲು ಇಷ್ಟೆಲ್ಲ ಸುತ್ತುವ ಜನರ ಜೊತೆ ಏಗುವುದು ಬಯಲುಸೀಮೆಯವರಿಗೆ ಬಹಳ ಕಷ್ಟ.

ಗುರುತನ್ನು ಅವತ್ತೇ ತೆಗೆದೆ. ಪ್ರಯೋಜನವಾಗಲಿಲ್ಲ. ಅಷ್ಟು ಹೊತ್ತಿಗೆ ಬಂದುಹೋದವರೆಲ್ಲ ತಮ್ಮ ತಮ್ಮ ಫೋಟೋ ಹಾಕಿ, ದಾರಿ ಬರೆದು, ನೆಂಟರಿಷ್ಟರಿಗೆಲ್ಲ ಕಳಿಸಿಯಾಗಿತ್ತು. ಮುಂದಿನ ಭಾನುವಾರವೂ ಕಾರುಗಳು ಬಂದವು, ಅದರ ಮುಂದಿನ ಭಾನುವಾರವೂ. ಮುಖ್ಯರಸ್ತೆಯಿಂದ ಲೈನಿಗೆ ಇಳಿಯುವ ಕಾಲುದಾರಿ ಶುರುವಾಗುವ ತಿರುವಿನಲ್ಲೇ ರೈಟರ ಮನೆ. ಎಲ್ಲ ಕಾರುಗಳೂ ಅವರ ಗೇಟಿನೆದುರೇ ನಿಲ್ಲಬೇಕು. ಮೂರನೆಯ ವಾರ ಅವರ ಫೋನ್ ಬಂತು.

"ಒಂದು ಹೊಸ ಜಾಗ ಇದೆ. ಬರೀರಿ. ನಮ್ಮನೆ ಗೇಟಿಂದ ಬಲಕ್ಕೆ ನಲವತ್ತು ಹೆಜ್ಜೆ, ಹಿತ್ತಲು ದಾಟಿ ಬಂಡೆ."

"ಸಾರ್, ಅದು ನಿಮ್ಮ ಹಿತ್ತಲು."

"ನಂಗೆ ಗೊತ್ತಿಲ್ವಾ ಅದು ಯಾರ ಹಿತ್ತಲು ಅಂತ?"

"ಜನ ನಿಮ್ಮ ಅಂಗಳದಲ್ಲೇ ಓಡಾಡ್ತಾರೆ ಸಾರ್. ಮೆಣಸು, ಏಲಕ್ಕಿ ಎಲ್ಲ ಹಾಳು ಮಾಡ್ತಾರೆ."

"ಇಲ್ಲಿ ಹಾಳು ಮಾಡಿ ಸುಸ್ತಾದ್ರೆ ಅಲ್ಲಿಗೆ ಇಳಿಯಲ್ಲ. ಬರೀರಿ."

"ಅಲ್ಲಿ ನೋಡೋದಕ್ಕೇನಿದೆ ಸಾರ್?"

"ಎಂತಾದ್ರೂ ತೋರ್ಸಿ. ಅದು ನಿಮ್ಮ ಕೆಲ್ಸ. ಅಷ್ಟು ದೂರದಿಂದ ಬಂದೋರಿಗೆ ಎಂತಾದ್ರೂ ಕಾಣ್ಬೇಕಲ್ಲ."

ಜೀವಮಾನದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಆ ಬಂಡೆ. ಒರತೆಯಿಂದ ಜನರನ್ನು ಸೆಳೆಯಬೇಕೆಂದರೆ ಒರತೆಗಿಂತ ಚೆಂದದ್ದು ಇರಬೇಕಲ್ಲ. ಬಂಡೆಯ ಮೇಲೆ ನಿಂತು ಫೋನ್ ಹಿಡಿದರೆ ಸುತ್ತಲಿನ ಹದಿನೇಳು ಗುಡ್ಡಗಳೂ ಆ ಮನೆಯವರು ಕರೆಯುವ ಹೆಸರಿನಲ್ಲಿ ಎದ್ದುನಿಲ್ಲುತ್ತವೆ. ಮಂಜು ಕವಿದಾಗಲೂ ಮಂಜಿನ ಮೇಲೆ ಗೆರೆಯಾಗಿ ಕಾಣುತ್ತವೆ. ರೈಟರ ಧ್ವನಿಯಲ್ಲೇ ಹೆಸರು ಹೇಳಿಸಿದೆ. ಅದಕ್ಕೂ ತಕರಾರು ಮಾಡಿ, ಕೆಮ್ಮಿ, ಹನ್ನೊಂದು ಸಲ ರೆಕಾರ್ಡ್ ಮಾಡಿಸಿದರು. ಸಾಹುಕಾರರು ಸಂತೋಷಪಟ್ಟು, ಒರತೆಗಿಂತ ಇದೇ ಚೆನ್ನಾಗಿದೆ, ಕಾರು ನಿಲ್ಲಿಸಲೂ ಅನುಕೂಲ ಎಂದರು. ನಿಧಾನವಾಗಿ ಜನ ಇಲ್ಲಿಗೇ ಬಂದು ಇಲ್ಲಿಂದಲೇ ತಿರುಗಿಹೋಗಲು ಶುರು ಮಾಡಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒರತೆಯ ಸುತ್ತ ಜರೀಗಿಡ ಮತ್ತೆ ಎದ್ದಿತು, ಕೊಡಗಳ ಸಾಲು ಮರಳಿತು.

ಆ ಎರಡು ವರ್ಷವೂ ಭಾನುವಾರದ ಹಾಜರಿ ತಪ್ಪಲಿಲ್ಲ. ಒಮ್ಮೆ ರೇಗಿ, "ಸಾರ್, ಅಷ್ಟು ಕಷ್ಟವಾದರೆ ತೆಗೆದುಬಿಡ್ತೀನಿ" ಎಂದೆ. "ನಾನು ತೆಗೀರಿ ಅಂದ್ನಾ? ಹೇಳ್ದೆ ಅಷ್ಟೆ. ಹೇಳ್ಬಾರ್ದಾ?" ಎಂದು ಫೋನಿಟ್ಟರು.

ನನಗೆ ಅದಕ್ಕಿಂತ ಕಷ್ಟವಾಗಿದ್ದು ಅವರ ಹೆಂಡತಿ. ಮೊದಲೆಲ್ಲ ನಾನು ಹೋದರೆ ಕಡುಬು ಮಾಡಿ ಬಡಿಸುತ್ತಿದ್ದ ಅಮ್ಮ, ಬಂಡೆಯ ಗುರುತು ಬಂದ ಮೇಲೆ ಕಾಫಿ ಲೋಟವನ್ನು ಮುಖ ನೋಡದೆ ಟಕ್ಕೆಂದು ಇಟ್ಟುಹೋಗುತ್ತಿದ್ದರು. ಒಳಗಿನಿಂದ ಕೇಳುವ ಹಾಗೆ, "ಕಂಡೋರ ಮನೆ ಬೀದಿ ಮಾಡಿ ಹಾಕಿದ್ರು" ಎನ್ನುತ್ತಿದ್ದರು. ರೈಟರು ಕೇಳಿಸದವರ ಹಾಗೆ ಸೀಲಿಂಗ್ ನೋಡುತ್ತಿದ್ದರು. ಅಮ್ಮನಿಗೆ ಒಂದು ಮಾತು ಹೇಳಿ ಸಾರ್, ಎಂದು ನಾನು ಎಷ್ಟು ಸಲ ಕೇಳಿಕೊಂಡೆನೋ. ಪ್ರತಿ ಸಲವೂ ಒಂದೇ ಉತ್ತರ, ನೋಡಣ.

ರೈಟರು ತೀರಿಕೊಂಡ ಹನ್ನೊಂದನೆಯ ದಿನದ ಗಣಾರಾಧನೆಗೆ ಹೋದೆ. ಭಾನುವಾರವೇ ಬಿದ್ದಿತ್ತು. ಮನೆಯ ತುಂಬ ಜನ, ಹಿತ್ತಲಲ್ಲಿ ಅಡಿಗೆಯ ಒಲೆ. ಲೈನಿನ ಹನ್ನೊಂದು ಮನೆಯವರೂ ಬಂದು ಪಾತ್ರೆ ತೊಳೆಯುವುದಕ್ಕೆ, ಎಲೆ ಹಾಕುವುದಕ್ಕೆ ನಿಂತಿದ್ದರು. ಎರಡನೆಯ ಪಂಕ್ತಿ ಎದ್ದ ಮೇಲೆ ಅಮ್ಮ ನನ್ನನ್ನು ಜಗಲಿಯ ಮೂಲೆಗೆ ಕರೆದರು. ಅಳು ಮುಗಿದ ಮುಖ, ಬಹಳ ದಣಿದಿತ್ತು.

"ನೋಡಿ ಮೇಡಂ, ಇಷ್ಟು ದಿನ ಅವ್ರು ಹೇಗೋ ಸಂಬಾಳಿಸ್ತಿದ್ರು. ಇನ್ನು ನನ್ನ ಕೈಲಾಗಲ್ಲ. ನಿಮ್ಮ ಫೋನಲ್ಲಿ ನಮ್ಮನೆ ತಪ್ಪಿ ಬಿದ್ದಿದೆಯಲ್ಲ, ಇವತ್ತೇ ಅದನ್ನ ತೆಗೀರಿ. ನಿಮ್ಗೆ ಪುಣ್ಯ ಬರುತ್ತೆ."

ಒಂದು ನಿಮಿಷದ ಕೆಲಸ. ಫೋನ್ ಕೈಯಲ್ಲೇ ಇತ್ತು. ಅಂಗಳದಲ್ಲಿ ಎಂಜಲೆಲೆ ಎತ್ತುತ್ತಿದ್ದ ಆ ಕೊಡದ ಹೆಂಗಸು ಕಣ್ಣಿಗೆ ಬಿದ್ದಳು. ಗುರುತು ತೆಗೆದರೆ ಮುಂದಿನ ವಾರವೇ ಕಾರಿನಿಂದ ಇಳಿದವರು ಕೆಳಗಿನ ದಾರಿ ಹಿಡಿಯುತ್ತಾರೆ. ತೆಗೆಯದಿದ್ದರೆ ಗಂಡ ಹೋದ ಮನೆಯಲ್ಲಿ ಅಮ್ಮ ಒಬ್ಬರೇ ಆ ಜನರ ಜೊತೆ ಏಗಬೇಕು. ರೈಟರು ಹೇಳದೆ ಉಳಿಸಿಹೋದ ಮಾತು ನನ್ನ ತಲೆಗೇ ಬಂದು ಕೂತಿತ್ತು.

"ತಪ್ಪಿ ಬಿದ್ದಿದ್ದಲ್ಲ ಅಮ್ಮಾ. ಅವರೇ ಹಾಕಿಸಿದ್ದು." ಹೇಳಿದೆ. ಒರತೆ, ನನ್ನ ತಪ್ಪು, ಆಸ್ಪತ್ರೆಗೆ ಹೋದ ಮಕ್ಕಳು, ನಲವತ್ತು ಹೆಜ್ಜೆ, ಎಲ್ಲ. "ಈಗ ನೀವು ಹೇಳಿದ ಹಾಗೆ ಮಾಡ್ತೀನಿ. ತೆಗೀರಿ ಅಂದ್ರೆ ಈಗಲೇ ತೆಗೀತೀನಿ."

ಅಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ನಡುಮನೆಯಲ್ಲಿ ಹೂವು ಹಾಕಿಟ್ಟಿದ್ದ ಫೋಟೋದತ್ತ ತಿರುಗಿದರು. ಅಳುತ್ತಾರೆ ಎಂದುಕೊಂಡೆ. ಕೈ ಸೊಂಟಕ್ಕೆ ಹೋಯಿತು.

"ಎರಡು ವರ್ಷ! ಎರಡು ವರ್ಷ ಈ ಹೆಣ್ಮಗಳಿಗೆ ಶಾಪ ಹಾಕಿದೀನಲ್ಲ ನಾನು! ನಂಗೊಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಲೈನಿನ ಮಕ್ಕಳು ನಂಗೇನು ಬೇರೆಯಾ? ನಾನು ಬೇಡ ಅಂತಿದ್ನಾ?" ಅವರ ಧ್ವನಿ ಏರಿ, ಪಂಕ್ತಿಯಲ್ಲಿದ್ದವರು ತಲೆ ಎತ್ತಿದರು. ಅಮ್ಮ ಕೂತುಬಿಟ್ಟರು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಲ್ಲ ಮಾರಾಯ್ತಿ, ಇಂಥ ಮನುಷ್ಯನ ಜೊತೆ ಹೇಗೆ ಬಾಳಿದೆ ನಾನು?" ಎಂದು ನನ್ನನ್ನೇ ಕೇಳಿದರು. ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರಿಗೂ ರೈಟರ ಮೇಲೆ ಒಂದೇ ಸಿಟ್ಟು ಇತ್ತು, ಇಬ್ಬರಿಗೂ ಕಣ್ಣೀರು ನಿಲ್ಲಲಿಲ್ಲ.

ಗೇಟಿನ ಹತ್ತಿರ ಎರಡು ಕಾರು ನಿಂತವು. ಆರೇಳು ಜನ ಇಳಿದರು, ಬಣ್ಣದ ಟೋಪಿ, ಎದೆಯೆತ್ತರಕ್ಕೆ ಹಿಡಿದ ಫೋನುಗಳು. ಶಾಮಿಯಾನ, ಜನ ನೋಡಿ ಹಿಂಜರಿದರು. ಒಬ್ಬಳು ಮುಂದೆ ಬಂದು ಕೇಳಿದಳು. "ಆಂಟಿ, ಇಲ್ಲೆಲ್ಲೋ ಕೆಳಗೆ ಒಂದು ಸ್ಪ್ರಿಂಗ್ ಇದೆಯಂತಲ್ಲ, ನೀರು ತುಂಬ ಕ್ಲಿಯರ್ ಅಂತೆ, ಯಾವ ಕಡೆ?"

ಅಂಗಳದಲ್ಲಿ ಎಂಜಲೆಲೆ ಎತ್ತುತ್ತಿದ್ದ ಕೈ ನಿಂತಿತು.

ಅಮ್ಮ ಎದ್ದರು. ಮುಖ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಮೆಟ್ಟಿಲ ತನಕ ನಡೆದರು.

"ಎಂತ ಸ್ಪ್ರಿಂಗು? ಇಲ್ಲಿ ಅಂಥದ್ದೆಂತದೂ ಇಲ್ಲಮ್ಮ, ಯಾರೋ ಸುಳ್ಳು ಹೇಳಿದಾರೆ. ನಮ್ಮ ಹಿತ್ತಲಲ್ಲಿ ಬಂಡೆ ಇದೆ, ಗುಡ್ಡ ಎಲ್ಲ ಚೆನ್ನಾಗಿ ಕಾಣುತ್ತೆ, ನೋಡ್ಕೊಂಡು ಬನ್ನಿ. ಚಪ್ಪಲಿ ಇಲ್ಲೇ ಬಿಡಿ. ಇವತ್ತು ನಮ್ಮನೇಲಿ ಊಟ ಇದೆ, ಉಣ್ಣದೆ ಯಾರೂ ಹೋಗೋ ಹಾಗಿಲ್ಲ."